ಅಮ್ಮನಿಗೆ ಗೊತ್ತಿತ್ತಾ? ಮಹೇಶ್ ದತ್ತಾನಿಯವರ ‘ಥರ್ಟಿ ಡೇಸ್ ಇನ್ ಸೆಪ್ಟೆಂಬರ್’ ಕೇಳುವ ಪ್ರಶ್ನೆ

ಇದು ಈ ವಾರದ ಸಂಚಿಕೆಯ ಬರಹ ರೂಪ. ಮಾತಿನಲ್ಲಿ ಹೇಳಿದ್ದನ್ನು ಓದಿಗೆ ಹೊಂದುವ ಹಾಗೆ ಅಲ್ಲಲ್ಲಿ ತಿದ್ದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಇವತ್ತಿನ ವಿಷಯ ಮಕ್ಕಳ ಮೇಲೆ ಮನೆಯವರಿಂದಲೇ ನಡೆಯುವ ಲೈಂಗಿಕ ದೌರ್ಜನ್ಯ. ಕೃತ್ಯದ ವಿವರಕ್ಕೆ ನಾನು ಹೋಗಲ್ಲ. ಆದರೂ ಓದುತ್ತಾ ಕಷ್ಟ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ, ಬೇಕು ಅನ್ನಿಸಿದಾಗ ಮತ್ತೆ ಬನ್ನಿ. ಸಹಾಯವಾಣಿಯ ನಂಬರುಗಳು ಕೊನೆಯಲ್ಲಿವೆ.

ನಾನು ಮಾತಾಡೋದು ಒಂದು ನಾಟಕದ ಮೂಲಕ. ಮಹೇಶ್ ದತ್ತಾನಿಯವರ ‘ಥರ್ಟಿ ಡೇಸ್ ಇನ್ ಸೆಪ್ಟೆಂಬರ್’. ಇಪ್ಪತ್ತು ವರ್ಷಕ್ಕೂ ಹಳೆಯದಾದ ಇಂಗ್ಲಿಷ್ ನಾಟಕ ಈಗ ಯಾಕೆ ಅಂತ ಕೇಳಬಹುದು. ಇಂದಿರಾನಗರದಲ್ಲಿ, ಸಿಎಂಎಚ್ ರಸ್ತೆಯ ಹಿಂದಿನ ಒಂದು ಮನೆಯಲ್ಲಿ, ನಾವು ಹತ್ತು ಜನ ಸೇರಿ ಇತ್ತೀಚೆಗೆ ಇದನ್ನ ಗಟ್ಟಿಯಾಗಿ ಓದಿದೆವು. ಕೆಲವು ದೃಶ್ಯಗಳನ್ನ ಕೂತಲ್ಲೇ ಕನ್ನಡಕ್ಕೆ ತಂದು ಓದೋಣ ಅಂತ ಹೊರಟೆವು. ಇಂಗ್ಲಿಷಿನಲ್ಲಿ ಸಲೀಸಾಗಿ ದಾಟಿ ಹೋಗಿದ್ದ ಮಾತುಗಳು ಕನ್ನಡಕ್ಕೆ ಬಂದ ಕೂಡಲೇ ಬಾಯಲ್ಲಿ ಸಿಕ್ಕಿಹಾಕಿಕೊಂಡವು. ಯಾಕೆ ಹಾಗಾಯಿತು ಅನ್ನೋದರ ಸುತ್ತ ಈ ಸಂಚಿಕೆ ಹುಟ್ಟಿತು.

ನಾಟಕ ಬಂದ ದಾರಿ

ದತ್ತಾನಿ ನಮ್ಮ ಊರಿನವರೇ. 1958ರಲ್ಲಿ ಬೆಂಗಳೂರಿನಲ್ಲಿ, ಗುಜರಾತಿ ಮಾತಾಡುವ ಮನೆಯಲ್ಲಿ ಹುಟ್ಟಿದವರು. 1984ರಲ್ಲಿ ಇಲ್ಲೇ ‘ಪ್ಲೇಪೆನ್’ ಅನ್ನುವ ತಂಡ ಕಟ್ಟಿದರು. 1998ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಇಂಗ್ಲಿಷ್ ನಾಟಕಕಾರರೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು.

ಈ ನಾಟಕ ಬರೆಯೋಕೆ ಕಾರಣವಾದದ್ದು ದೆಹಲಿಯ ‘ರಾಹಿ’ ಸಂಸ್ಥೆ. ಬಾಲ್ಯದಲ್ಲಿ ಮನೆಯೊಳಗೇ ದೌರ್ಜನ್ಯಕ್ಕೆ ಒಳಗಾಗಿ ಈಗ ದೊಡ್ಡವರಾಗಿರುವ ಹೆಂಗಸರ ಜೊತೆ ಕೆಲಸ ಮಾಡೋಕೆ ಅಂತಲೇ 1996ರಲ್ಲಿ ಶುರುವಾದ ಸಂಸ್ಥೆ ಅದು. ನಾಟಕ ಬರೆದುಕೊಡಿ ಅಂತ ಕೇಳಿದ್ದು ಅವರೇ. 2001ರಲ್ಲಿ ಲಿಲೆಟ್ ದುಬೆ ಅದನ್ನ ಮುಂಬೈನಲ್ಲಿ ರಂಗಕ್ಕೆ ತಂದರು. ಆಮೇಲೆ ದೇಶದ ಹಲವು ಊರುಗಳಲ್ಲಿ ಪ್ರಯೋಗಗಳಾದವು.

ಆಗ ಈ ದೇಶದಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ ಅಂತಲೇ ಪ್ರತ್ಯೇಕ ಕಾನೂನು ಇರಲಿಲ್ಲ. ಪೋಕ್ಸೊ ಕಾಯ್ದೆ ಬಂದದ್ದು 2012ರಲ್ಲಿ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ದೊಡ್ಡ ಅಧ್ಯಯನ ಪ್ರಕಟವಾದದ್ದು 2007ರಲ್ಲಿ. 13 ರಾಜ್ಯಗಳ 12,447 ಮಕ್ಕಳನ್ನ ಮಾತಾಡಿಸಿದ ಆ ಅಧ್ಯಯನದಲ್ಲಿ ಶೇ. 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು. ದೌರ್ಜನ್ಯ ಎಸಗಿದವರಲ್ಲಿ ಸುಮಾರು ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ಈ ಅಂಕಿಗಳು ಕೈಗೆ ಸಿಗುವ ಮೊದಲೇ ನಾಟಕ ರಂಗದ ಮೇಲಿತ್ತು.

ಕಥೆ ಏನು?

ಮಾಲಾ ಅನ್ನುವ ಯುವತಿ, ಅವಳ ಅಮ್ಮ ಶಾಂತಾ. ದೆಹಲಿಯಲ್ಲಿ ಇಬ್ಬರೇ ಇದ್ದಾರೆ. ಅಪ್ಪ ಬಿಟ್ಟುಹೋಗಿದ್ದಾನೆ. ಮಾಲಾಳ ಯಾವ ಸಂಬಂಧವೂ ಮೂವತ್ತು ದಿನ ದಾಟಲ್ಲ. ಕ್ಯಾಲೆಂಡರಿನಲ್ಲಿ ದಿನ ಎಣಿಸಿ ಕಡಿದುಕೊಳ್ತಾಳೆ. ಹೆಸರಿನ ಮೂವತ್ತು ದಿನ ಅಲ್ಲಿಂದ ಬಂದದ್ದು. ದೀಪಕ್ ಅನ್ನುವವನಿಗೆ ಅವಳ ಮೇಲೆ ನಿಜವಾದ ಪ್ರೀತಿ. ಯಾಕೆ ಹೀಗೆ ಅಂತ ಹುಡುಕುತ್ತಾ ಅವಳ ಅಮ್ಮನ ಹತ್ತಿರ ಬರ್ತಾನೆ. ಶಾಂತಾ ಯಾವಾಗಲೂ ಕೃಷ್ಣನ ಪಟದ ಮುಂದೆ. ಕೇಳಿದ್ದಕ್ಕೆ ಉತ್ತರ ಕೊಡಲ್ಲ, ಊಟಕ್ಕೆ ಬಡಿಸ್ತಾಳೆ.

ನಡುವೆ ಮನೆಗೆ ವಿನಯ್ ಬರ್ತಾನೆ. ಶಾಂತಾಳ ಅಣ್ಣ. ಗಂಡ ಬಿಟ್ಟುಹೋದ ಮೇಲೆ ಈ ಮನೆ ನಡೆದದ್ದು ಇವನ ದುಡ್ಡಿನಲ್ಲಿ. ಮಾಲಾ ಚಿಕ್ಕವಳಿದ್ದಾಗ ಅವಳ ಮೇಲೆ ದೌರ್ಜನ್ಯ ಎಸಗಿದವನೂ ಇವನೇ. ಮಗಳು ಅಮ್ಮನನ್ನ ನಿಲ್ಲಿಸಿ ಕೇಳ್ತಾಳೆ: ನಾನು ನೋವು ಅಂತ ಬಂದಾಗಲೆಲ್ಲ ನನಗೆ ಆಲೂ ಪರಾಠಾ ತಿನ್ನಿಸಿ ಸುಮ್ಮನಿರಿಸಿದ್ದು ಯಾಕೆ? ಅಮ್ಮ ಮೊದಲು ತಪ್ಪನ್ನ ಮಗಳ ಮೇಲೇ ಹಾಕ್ತಾಳೆ. ಕೊನೆಗೆ ಅವಳ ಬಾಯಿಂದಲೂ ಮಾತು ಹೊರಬರುತ್ತೆ. ಆರನೇ ವಯಸ್ಸಿನಿಂದ ಹತ್ತು ವರ್ಷ, ಇದೇ ಅಣ್ಣ, ಅವಳಿಗೂ ಅದನ್ನೇ ಮಾಡಿದ್ದ.

ಕಥೆಯ ತಿರುವು ಹೇಳಿಬಿಟ್ಟೆ ಅಂತ ಬೇಜಾರು ಮಾಡ್ಕೋಬೇಡಿ. ಈ ನಾಟಕದ ಬಲ ‘ಮುಂದೇನು’ ಅನ್ನುವ ಕುತೂಹಲದಲ್ಲಿ ಇಲ್ಲ.

ನೆನಪನ್ನು ರಂಗದ ಮೇಲೆ ಕೂರಿಸುವುದು ಹೇಗೆ?

ನಾಟಕಕಾರನಿಗೆ ಇಲ್ಲೊಂದು ದೊಡ್ಡ ತೊಡಕಿದೆ. ದೌರ್ಜನ್ಯವನ್ನ ತೋರಿಸಿದರೆ ಪ್ರೇಕ್ಷಕ ಕದ್ದು ನೋಡುವವನಾಗ್ತಾನೆ. ತೋರಿಸದೆ ಬಿಟ್ಟರೆ ಮನೆಯವರು ಮುಚ್ಚಿಟ್ಟದ್ದನ್ನ ನಾಟಕವೂ ಮುಚ್ಚಿಟ್ಟ ಹಾಗಾಗುತ್ತೆ. ದತ್ತಾನಿ ಕಂಡುಕೊಂಡ ಮೂರು ಉಪಾಯಗಳನ್ನ ನೋಡೋಣ.

ಮೊದಲನೆಯದು, ಕಾಣದ ಆಪ್ತಸಮಾಲೋಚಕಿ. ಮಾಲಾ ಸಮಾಲೋಚಕಿಯ ಮುಂದೆ ಕೂತು ಮಾತಾಡುವ ಭಾಗಗಳಿವೆ. ಆದರೆ ರಂಗದ ಮೇಲೆ ಸಮಾಲೋಚಕಿ ಇಲ್ಲ. ಮಾಲಾ ನೇರವಾಗಿ ನಮ್ಮ ಕಡೆ ತಿರುಗಿ ಮಾತಾಡ್ತಾಳೆ. ಇಡೀ ಸಭಾಂಗಣ ಸಮಾಲೋಚಕಿಯ ಕುರ್ಚಿಯಲ್ಲಿ ಕೂತ ಹಾಗೆ. ಆ ಕುರ್ಚಿಯಲ್ಲಿ ಕೂತವರಿಗೆ ಇರೋದು ಒಂದೇ ಕೆಲಸ, ಅಡ್ಡ ಬಾಯಿ ಹಾಕದೆ ಕೇಳಿಸಿಕೊಳ್ಳೋದು.

ಎರಡನೆಯದು, ‘ಗಂಡಸು’ ಅನ್ನುವ ಪಾತ್ರ. ಮಾಲಾಳ ಬದುಕಿನಲ್ಲಿ ಬರುವ ಬೇರೆ ಬೇರೆ ಗಂಡಸರನ್ನ ಒಬ್ಬನೇ ನಟ ಆಡ್ತಾನೆ, ಮಾವನನ್ನೂ ಸೇರಿಸಿ. ದೀಪಕ್ ಜೊತೆ ಮಾತಾಡ್ತಿರುವಾಗಲೂ ಅವಳಿಗೆ ಆ ‘ಗಂಡಸು’ ಪಕ್ಕದಲ್ಲೇ ಇದ್ದ ಹಾಗೆ. ನಡೆದು ವರ್ಷಗಳಾದರೂ ಅವನು ಕೋಣೆ ಬಿಟ್ಟು ಹೋಗಿಲ್ಲ ಅನ್ನೋದನ್ನ ಪ್ರೇಕ್ಷಕರು ಕಣ್ಣಾರೆ ನೋಡ್ತಾರೆ.

ಮೂರನೆಯದು, ಹೆಸರು. ಮೊದಲ ಬಾರಿ ಕ್ಯಾಸೆಟ್ ಮುಂದೆ ಕೂತಾಗ ಮಾಲಾಗೆ ತನ್ನ ಹೆಸರು ಹೇಳೋಕೆ ಮನಸ್ಸಾಗಲ್ಲ. ಆಮೇಲೆ ಒಂದು ದಿನ ಹೇಳ್ತಾಳೆ. ಮುಖ ಮುಚ್ಚಿಕೊಳ್ಳಬೇಕಾದವನು ಅವನು, ನಾನಲ್ಲ ಅನ್ನುವ ಅರ್ಥದಲ್ಲಿ ಹೇಳ್ತಾಳೆ. ಅವಳು ಎಷ್ಟು ದೂರ ಬಂದಿದ್ದಾಳೆ ಅಂತ ತೋರಿಸೋಕೆ ನಾಟಕಕ್ಕೆ ಅಷ್ಟು ಸಾಕು.

ಇಷ್ಟು ತಡವಾಗಿ ಯಾಕೆ ಹೇಳ್ತಾರೆ?

‘ಆಗಲೇ ಹೇಳಬಹುದಿತ್ತಲ್ಲ?’ ಇಂಥ ಸುದ್ದಿ ಬಂದಾಗಲೆಲ್ಲ ನಾವು ಕೇಳುವ ಮೊದಲ ಪ್ರಶ್ನೆ ಇದು. ಇದಕ್ಕೆ ಮನೋವೈದ್ಯರು ಕೊಡುವ ಉತ್ತರ ನಾಟಕ ಅರ್ಥಮಾಡಿಕೊಳ್ಳೋಕೂ ಸಹಾಯ ಮಾಡುತ್ತೆ.

ಅಮೆರಿಕದ ಮನೋವೈದ್ಯ ರೋಲಂಡ್ ಸಮಿಟ್ 1983ರಲ್ಲಿ ಇಂಥ ಮಕ್ಕಳ ನಡವಳಿಕೆಯನ್ನ ಐದು ಹಂತಗಳಲ್ಲಿ ವಿವರಿಸಿದರು. ಮೊದಲು ಗುಟ್ಟು: ಯಾರಿಗೂ ಹೇಳಬೇಡ ಅನ್ನುವ ಕಟ್ಟಳೆ. ಆಮೇಲೆ ಅಸಹಾಯಕತೆ. ಆಮೇಲೆ ಸಿಕ್ಕಿಬಿದ್ದು ಹೊಂದಿಕೊಳ್ಳೋದು, ಅಂದರೆ ಬದುಕಬೇಕು ಅಂದರೆ ಏನೂ ಆಗಿಲ್ಲ ಅನ್ನುವ ಹಾಗೆ ಇರೋದು. ನಾಲ್ಕನೆಯದು, ತಡವಾಗಿ, ತೊದಲುತ್ತಾ, ನಂಬೋಕೆ ಕಷ್ಟ ಆಗುವ ಹಾಗೆ ಹೇಳೋದು. ಐದನೆಯದು, ಹೇಳಿದ್ದನ್ನ ವಾಪಸ್ ತೆಗೆದುಕೊಳ್ಳೋದು. ಮನೆಯವರ ಮುಖ ನೋಡಿ ‘ಇಲ್ಲ, ಹಾಗೇನಿಲ್ಲ’ ಅಂದುಬಿಡೋದು. ಎಲ್ಲ ಮಕ್ಕಳೂ ಇದೇ ದಾರಿಯಲ್ಲಿ ಹೋಗಲ್ಲ, ಮತ್ತೆ ದೌರ್ಜನ್ಯ ನಡೆದಿದೆಯೋ ಇಲ್ಲವೋ ಅಂತ ಸಾಬೀತು ಮಾಡುವ ಅಳತೆಗೋಲೂ ಇದಲ್ಲ. ಆದರೆ ತಡವಾದ ಮಾತು ಸುಳ್ಳಾಗಿರಲೇಬೇಕು ಅನ್ನುವ ತರ್ಕ ಎಷ್ಟು ಟೊಳ್ಳು ಅಂತ ಇದರಿಂದ ಗೊತ್ತಾಗುತ್ತೆ.

ಇನ್ನೊಬ್ಬರು ಮನಶ್ಶಾಸ್ತ್ರಜ್ಞೆ ಜೆನಿಫರ್ ಫ್ರೈಡ್. 1990ರ ದಶಕದಲ್ಲಿ ಅವರು ಮುಂದಿಟ್ಟ ವಾದ ಸರಳವಾಗಿ ಹೇಳೋದಾದರೆ ಇಷ್ಟು: ಅನ್ನ ಹಾಕುವ ಕೈಯೇ ನೋಯಿಸುವ ಕೈಯೂ ಆದಾಗ ಮಗುವಿಗೆ ಆ ನೋವನ್ನ ನೆನಪಿನ ಮುಂಬಾಗಿಲಲ್ಲಿ ಇಟ್ಟುಕೊಂಡು ಬದುಕೋಕೆ ಆಗಲ್ಲ. ಯಾಕಂದರೆ ಆ ಕೈ ಬಿಟ್ಟರೆ ಅದಕ್ಕೆ ಬೇರೆ ಗತಿ ಇಲ್ಲ. ಮನಸ್ಸು ಆ ತಿಳಿವನ್ನ ಹಿಂದಕ್ಕೆ ತಳ್ಳುತ್ತೆ. ನೆನಪು ಕೆಲವರಲ್ಲಿ ಪೂರ್ತಿ ಇರುತ್ತೆ, ಕೆಲವರಲ್ಲಿ ಚೂರು ಚೂರಾಗಿ ಇರುತ್ತೆ. ಒಂದು ವಾಸನೆ, ಬಾಗಿಲ ಚಿಲಕದ ಸದ್ದು, ಬೇಸಿಗೆ ರಜೆಯ ಸೆಕೆ. ನ್ಯಾಯಾಲಯ ಕೇಳುವ ತಾರೀಖು, ಹೊತ್ತು, ಜಾಗ ಅದರಲ್ಲಿ ಇಲ್ಲದೇ ಹೋಗಬಹುದು.

ಈಗ ಶಾಂತಾಳನ್ನ ನೆನಪಿಸಿಕೊಳ್ಳಿ. ಅಪ್ಪ ಇಲ್ಲದ ಮನೆ, ಅಣ್ಣನ ದುಡ್ಡು. ಅವಳು ವಯಸ್ಸಿನಲ್ಲಿ ದೊಡ್ಡವಳಾಗಿದ್ದರೂ ಆ ಮಗುವಿನ ಸ್ಥಿತಿಯಿಂದ ಹೊರಗೆ ಬಂದೇ ಇಲ್ಲ.

ಅಮ್ಮನಿಗೆ ಗೊತ್ತಿತ್ತಾ?

ನಾಟಕ ಓದಿ ಮುಗಿಸಿದ ಮೇಲೆ ನಮ್ಮಲ್ಲಿ ಹೆಚ್ಚು ಹೊತ್ತು ನಡೆದದ್ದು ಈ ಮಾತೇ. ವಿನಯ್ ಬಗ್ಗೆ ಯಾರೂ ಎರಡು ನಿಮಿಷಕ್ಕಿಂತ ಹೆಚ್ಚು ಮಾತಾಡಲಿಲ್ಲ. ಕೋಪವೆಲ್ಲ ಶಾಂತಾಳ ಮೇಲೆ. ಇದು ನಮ್ಮ ಗುಂಪಿನ ವಿಶೇಷವೇನಲ್ಲ. ಮನೆಯಲ್ಲಿ ಏನೇ ಕೆಟ್ಟದ್ದು ನಡೆದರೂ ‘ತಾಯಿ ಏನು ಮಾಡ್ತಿದ್ದಳು’ ಅನ್ನೋದು ನಮ್ಮಲ್ಲಿ ರೂಢಿಯ ಪ್ರಶ್ನೆ.

ನಾಟಕ ಆ ಕೋಪವನ್ನ ಮೊದಲು ಬೆಳೆಯೋಕೆ ಬಿಡುತ್ತೆ, ಆಮೇಲೆ ಅದಕ್ಕೆ ಉತ್ತರ ಕೊಡುತ್ತೆ. ಶಾಂತಾ ಮಾಡಿದ್ದು ತಪ್ಪೇ, ನಾಟಕ ಅದನ್ನ ಮುಚ್ಚಲ್ಲ. ಮಗಳು ಬಾಗಿಲು ತಟ್ಟಿದಾಗ ತೆರೆಯಲಿಲ್ಲ. ಆದರೆ ಅವಳು ತಾನು ಬದುಕೋಕೆ ಕಲಿತ ದಾರಿಯನ್ನೇ ಮಗಳಿಗೂ ಕಲಿಸಿದಳು: ತಿನ್ನು, ದೇವರಿಗೆ ಕೈಮುಗಿ, ಮಾತಾಡಬೇಡ. ತನ್ನನ್ನ ಉಳಿಸಿದ್ದು ಮೌನ ಅಂತ ನಂಬಿದವಳು ಮಗಳಿಗೂ ಅದನ್ನೇ ಕೊಟ್ಟಳು. ಕೊನೆಯಲ್ಲಿ ಮಾಲಾ ಅಮ್ಮನ ಪಕ್ಕ ಕೂತು ಕ್ಷಮೆ ಕೇಳ್ತಾಳೆ. ಯಾಕಂದರೆ ಅವಳಿಗೂ ಅಮ್ಮನ ಮೌನದ ಒಳಗೆ ಏನಿತ್ತು ಅಂತ ಅಲ್ಲಿವರೆಗೆ ಕೇಳಿಸಿರಲಿಲ್ಲ.

ನೋವು ಹೀಗೆ ತಲೆಮಾರು ದಾಟೋದನ್ನ ದತ್ತಾನಿ ಇದಕ್ಕೂ ಹತ್ತು ವರ್ಷ ಮೊದಲು ಬರೆದಿದ್ದರು. 1991ರ ‘ಬ್ರೇವ್ಲಿ ಫಾಟ್ ದ ಕ್ವೀನ್’ ನಡೆಯೋದು ಬೆಂಗಳೂರಿನ ಅನುಕೂಲಸ್ಥರ ಮನೆಯಲ್ಲಿ. ಮಹಡಿಯ ಮೇಲೆ ಹಾಸಿಗೆ ಹಿಡಿದ ಅತ್ತೆ ಬಾ. ಗಂಡನಿಂದ ಏಟು ತಿಂದ ದಿನಗಳು ಅವಳ ತಲೆಯಲ್ಲಿ ಇನ್ನೂ ನಡೀತಾನೇ ಇವೆ. ಅದೇ ಬಾ, ಬಸುರಿ ಸೊಸೆಯ ಮೇಲೆ ಮಗ ಕೈಮಾಡುವ ಹಾಗೆ ಹಿಂದೆ ಕಿವಿ ಊದಿದವಳು. ಹುಟ್ಟಿದ ಮೊಮ್ಮಗಳಿಗೆ ಅಂಗವೈಕಲ್ಯ. ಮಗಳು ಚೆನ್ನಾಗಿ ಡ್ಯಾನ್ಸ್ ಮಾಡ್ತಾಳೆ ಅಂತ ಆ ಸೊಸೆ ಬಂದವರ ಮುಂದೆ ಹೇಳ್ಕೊಳ್ತಾಳೆ. ಇಂದಿರಾನಗರದಂಥ ಬಡಾವಣೆಯ ಕಾಂಪೌಂಡ್ ಗೋಡೆ, ಒಳ್ಳೆ ಸ್ಕೂಲು, ಚೆಂದದ ಇಂಗ್ಲಿಷು ಇವು ಯಾವುದೂ ಇಂಥದ್ದನ್ನ ತಡೆಯಲ್ಲ. ಗೋಡೆ ಎತ್ತರ ಇದ್ದಷ್ಟೂ ಪಕ್ಕದ ಮನೆಗೆ ಕೇಳಿಸೋದು ಕಡಿಮೆ, ಅಷ್ಟೇ.

ಕನ್ನಡಕ್ಕೆ ಬಂದಾಗ ಆದದ್ದು

ವಿನಯ್ ಮಾಲಾಗೆ ಏನಾಗಬೇಕು? ಇಂಗ್ಲಿಷಿನಲ್ಲಿ ಅಂಕಲ್. ಅಪ್ಪನ ತಮ್ಮನೂ ಅಂಕಲ್, ಎದುರುಮನೆಯವನೂ ಅಂಕಲ್. ಕನ್ನಡದಲ್ಲಿ ಅವನು ಸೋದರಮಾವ. ಆ ಪದ ಬಾಯಿಗೆ ಬಂದ ಕೂಡಲೇ ಕೋಣೆಯಲ್ಲಿ ಎಲ್ಲರೂ ಒಂದು ಗಳಿಗೆ ಸುಮ್ಮನಾದೆವು.

ಸೋದರಮಾವನಿಗೆ ನಮ್ಮಲ್ಲಿ ದೊಡ್ಡ ಜಾಗ ಇದೆ. ಮದುವೆಯಲ್ಲಿ ಹೆಣ್ಣನ್ನ ಕರೆತರುವವನು ಅವನು. ಕರ್ನಾಟಕದ ಎಷ್ಟೋ ಸಮುದಾಯಗಳಲ್ಲಿ ಅಕ್ಕನ ಮಗಳನ್ನ ಮದುವೆಯಾಗುವ ರೂಢಿಯೂ ಇದೆ. 1955ರ ಹಿಂದೂ ವಿವಾಹ ಕಾಯ್ದೆ ಕೂಡ ಹತ್ತಿರದ ರಕ್ತಸಂಬಂಧದ ಮದುವೆಯನ್ನ ನಿಷೇಧಿಸುವಾಗ ರೂಢಿ ಇದ್ದಲ್ಲಿ ವಿನಾಯಿತಿ ಕೊಟ್ಟಿದೆ. ಈ ರೂಢಿಗೂ ಮಗುವಿನ ಮೇಲಿನ ದೌರ್ಜನ್ಯಕ್ಕೂ ನಾನು ಗಂಟು ಹಾಕ್ತಿಲ್ಲ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಆದ ಮದುವೆ ಬೇರೆ, ಮಗುವಿನ ಮೇಲೆ ಎಸಗಿದ ಅಪರಾಧ ಬೇರೆ.

ನಾನು ಹೇಳ್ತಿರೋದು ತಮಾಷೆಯ ಬಗ್ಗೆ. ‘ಮಾವನ್ನೇ ಮದುವೆ ಆಗ್ತೀಯಾ ಪುಟ್ಟಿ?’ ಅಂತ ಆರು ವರ್ಷದ ಹುಡುಗಿಯನ್ನ ನಡುಮನೆಯಲ್ಲಿ ಕೇಳಿ ಎಲ್ಲರೂ ನಗೋದನ್ನ ನಾನೂ ನೋಡಿದ್ದೀನಿ, ನೀವೂ ನೋಡಿದ್ದೀರಿ. ಬಹಳಷ್ಟು ಮನೆಗಳಲ್ಲಿ ಅದು ಅಲ್ಲಿಗೇ ಮುಗಿಯುವ ಮಾತು. ಆದರೆ ಯಾವುದೋ ಒಂದು ಮನೆಯಲ್ಲಿ ಮಾವ ಸರಿಯಿಲ್ಲ ಅಂದುಕೊಳ್ಳಿ. ಆ ಹುಡುಗಿ ಅಳುತ್ತಾ ಬಂದು ‘ಮಾವ ಹೀಗೆ ಮಾಡಿದ’ ಅಂದರೆ, ಅದನ್ನ ಕೇಳಿಸಿಕೊಳ್ಳುವವರ ಕಿವಿಯಲ್ಲಿ ಆ ನಗು ಮೊದಲೇ ತುಂಬಿರುತ್ತೆ. ‘ನಿನ್ನ ಮಾವನೇ ಅಲ್ವೇನೆ’ ಅಂತ ಕಳಿಸಿಬಿಡ್ತಾರೆ. ದೂರು ಹೇಳುವ ಬಾಗಿಲನ್ನ ತಮಾಷೆ ಮುಚ್ಚಿರುತ್ತೆ. ದೆಹಲಿಯಲ್ಲಿ ನಡೆಯುವ ಮೂಲ ನಾಟಕದಲ್ಲಿ ಈ ಪದರ ಇಲ್ಲ. ಕನ್ನಡಕ್ಕೆ ತಂದರೆ ತಾನಾಗಿ ಬಂದು ಸೇರಿಕೊಳ್ಳುತ್ತೆ.

ಇನ್ನೊಂದು ತೊಡಕು, ಪದಗಳದ್ದು. ಈ ಅಪರಾಧಕ್ಕೆ ಮನೆಮಾತಿನಲ್ಲಿ ಹೆಸರೇ ಇಲ್ಲ. ‘ಅಗಮ್ಯಗಮನ’ ಶಾಸ್ತ್ರದ ಪದ. ಅದು ಸಂಬಂಧ ನಿಷಿದ್ಧ ಅಂತ ಹೇಳುತ್ತೆ, ಒಬ್ಬರು ಮಗು ಅನ್ನೋದನ್ನ ಹೇಳಲ್ಲ. ‘ಲೈಂಗಿಕ ದೌರ್ಜನ್ಯ’ ಪತ್ರಿಕೆಯ ಪದ. ಏಳು ವರ್ಷದ ಮಗು ಎರಡನ್ನೂ ಬಳಸಲ್ಲ. ಅದು ‘ಹೊಟ್ಟೆನೋವು’ ಅನ್ನುತ್ತೆ, ‘ಮಾವನ ಮನೆಗೆ ಬರಲ್ಲ’ ಅನ್ನುತ್ತೆ, ‘ನಂಗೆ ಅವರು ಬೇಡ’ ಅನ್ನುತ್ತೆ. ಇನ್ನು ‘ಸಂತ್ರಸ್ತೆ’ ಅನ್ನುವ ನಮ್ಮ ಸುದ್ದಿಮನೆಯ ಪದ. ಅದರಲ್ಲಿ ನೋವಿದೆ, ಅದನ್ನ ದಾಟಿ ಬಂದದ್ದಕ್ಕೆ ಜಾಗ ಇಲ್ಲ. ಅದಕ್ಕೇ ಈ ಸಂಚಿಕೆಯಲ್ಲಿ ‘ದಾಟಿ ಬಂದವರು’ ಅಂತ ಬಳಸ್ತಿದ್ದೀನಿ.

ಕನ್ನಡ ರಂಗಭೂಮಿಯಲ್ಲಿ ಇಂಥದ್ದು ಇಲ್ಲವೇ?

ಇದೆ. ವೈದೇಹಿಯವರ ಕುಂದಾಪುರ ಸೀಮೆಯ ಕಥೆಗಳನ್ನ ಚಂಪಾ ಶೆಟ್ಟಿ ‘ಅಕ್ಕು’ ಹೆಸರಿನಲ್ಲಿ ರಂಗಕ್ಕೆ ತಂದರು. 2018ರಲ್ಲಿ ‘ಅಮ್ಮಚ್ಚಿಯೆಂಬ ನೆನಪು’ ಅಂತ ಅದು ಸಿನಿಮಾನೂ ಆಯಿತು. ಗಂಡ ಬಿಟ್ಟುಹೋದ ಅಕ್ಕುವನ್ನ ಮನೆಯವರು ಹುಚ್ಚಿ ಅಂತಾರೆ. ಹುಚ್ಚಿ ಅಂದ ಮೇಲೆ ಅವಳು ಹೇಳುವ ನಿಜವನ್ನ ಯಾರೂ ಲೆಕ್ಕಕ್ಕೆ ತಗೊಳ್ಳಬೇಕಿಲ್ಲ. ಒಂದು ಮನೆ ತನ್ನ ಸಾಕ್ಷಿಯನ್ನ ಅಳಿಸಿಹಾಕುವ ಬಗೆ ಇದು. ಇನ್ನೊಂದು ಕಥೆಯ ಅಮ್ಮಚ್ಚಿಯನ್ನ ಹದ್ದುಬಸ್ತಿನಲ್ಲಿ ಇಡೋದು ಮನೆಯವನಂತೆಯೇ ಆಗಿರುವ ವೆಂಕಪ್ಪಯ್ಯ. ಅವಳ ಪಾಡನ್ನ ನೆನಪಿಟ್ಟು ಹೇಳೋಕೆ ಅವಳ ಗೆಳತಿಯೊಬ್ಬಳು ಬೇಕಾಯಿತು.

ಬೆಂಗಳೂರಿನಲ್ಲೇ ಇನ್ನೊಂದು ಹೆಜ್ಜೆ ಮುಂದೆ ಹೋದ ಪ್ರಯೋಗ ‘ಪಾಸಿಟಿವ್ಲಿ ಶೇಮ್‌ಲೆಸ್’. 2010ರ ದಶಕದ ನಡುವಿನಲ್ಲಿ, ನಾಟಕ ಚಿಕಿತ್ಸೆಯಲ್ಲಿ ತರಬೇತಾದ ಮೈತ್ರಿ ಗೋಪಾಲಕೃಷ್ಣ ಮತ್ತು ಕಲಾವಿದೆ ಶಬರಿ ರಾವ್ ಇದರ ಹಿಂದಿದ್ದರು. ಬಾಲ್ಯದ ದೌರ್ಜನ್ಯ ದಾಟಿ ಬಂದ ಹೆಂಗಸರೇ ಸೇರಿ ಕಟ್ಟಿದ ಪ್ರಯೋಗ ಅದು. ಹೆಸರೇ ಹೇಳುವ ಹಾಗೆ ನಾಚಿಕೆಯನ್ನ ಹೊತ್ತುಕೊಳ್ಳೋಕೆ ಒಪ್ಪದ ಆಟ.

ನಾಟಕ ಚಿಕಿತ್ಸೆ ಅಂದರೆ ವೇದಿಕೆ ಹತ್ತಿಸಿ ‘ಎಲ್ಲ ಹೇಳಿಬಿಡು’ ಅನ್ನೋದಲ್ಲ. ಮನೋವೈದ್ಯೆ ಜೂಡಿತ್ ಹರ್ಮನ್ 1992ರ ತಮ್ಮ ‘ಟ್ರಾಮಾ ಅಂಡ್ ರಿಕವರಿ’ ಪುಸ್ತಕದಲ್ಲಿ ಚೇತರಿಕೆಗೆ ಮೂರು ಘಟ್ಟ ಗುರುತಿಸ್ತಾರೆ: ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ದುಃಖ, ಆಮೇಲೆ ಬದುಕಿನ ಜೊತೆ ಮತ್ತೆ ಬೆಸೆದುಕೊಳ್ಳೋದು. ಸುರಕ್ಷತೆ ಇಲ್ಲದೆ ನೆನಪನ್ನ ಕೆದಕಿದರೆ ಗಾಯ ಮತ್ತೆ ಹಸಿಯಾಗುತ್ತೆ. ಮುಖವಾಡ, ಪಾತ್ರ, ಬೇರೆ ಹೆಸರು ಇವೆಲ್ಲ ಕೊಡೋದು ಆ ಸುರಕ್ಷತೆಯ ಅಂತರವನ್ನ. ಯಾವಾಗ ಹೇಳಬೇಕು, ಎಷ್ಟು ಹೇಳಬೇಕು ಅನ್ನೋದು ಹೇಳುವವರ ಕೈಯಲ್ಲೇ ಇರುತ್ತೆ.

ಮಗು ಬಂದು ಹೇಳಿದರೆ?

ಇವತ್ತು ಶಾಂತಾಳ ಜಾಗದಲ್ಲಿ ನಾವಿದ್ದರೆ ಕಾನೂನು ಏನು ಹೇಳುತ್ತೆ? ಪೋಕ್ಸೊ ಕಾಯ್ದೆಯಲ್ಲಿ ರಕ್ತಸಂಬಂಧಿ, ಮದುವೆಯಿಂದ ಬಂದ ಸಂಬಂಧಿ, ಪೋಷಕ ಇಂಥವರು ಎಸಗಿದ ಅಪರಾಧವನ್ನ ಹೆಚ್ಚು ಗಂಭೀರ ಅಂತ ಪರಿಗಣಿಸ್ತಾರೆ. ಅತ್ಯಾಚಾರದ ಸ್ವರೂಪದ ಕೃತ್ಯಕ್ಕೆ 2019ರ ತಿದ್ದುಪಡಿಯ ನಂತರ ಕನಿಷ್ಠ 20 ವರ್ಷ ಶಿಕ್ಷೆ. 19ನೇ ಕಲಮಿನ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ಮನೆಯ ಮಾನ ಅನ್ನುವ ವಿನಾಯಿತಿ ಇಲ್ಲ. ಮಗುವಿನ ಹೆಸರು, ಗುರುತು ಮಾಧ್ಯಮದಲ್ಲಿ ಬರಬಾರದು. ಸಾಕ್ಷಿ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳದ ಹಾಗೆ ನ್ಯಾಯಾಲಯ ನೋಡಿಕೊಳ್ಳಬೇಕು. ಪೋಕ್ಸೊ ಅಡಿ ದೂರು ಕೊಡೋಕೆ ಕಾಲಮಿತಿ ಇಲ್ಲ ಅಂತ ಕೇಂದ್ರ ಸರ್ಕಾರ 2018ರಲ್ಲಿ ಸ್ಪಷ್ಟಪಡಿಸಿದೆ. ದೊಡ್ಡವರಾದ ಮೇಲೂ ಹೇಳಬಹುದು. ಕಾಯ್ದೆ ಬರುವ ಮೊದಲು ನಡೆದದ್ದಾದರೆ ಆಗಿನ ಭಾರತೀಯ ದಂಡ ಸಂಹಿತೆಯ ಕಲಮುಗಳು ಅನ್ವಯಿಸುತ್ತವೆ, ವಕೀಲರನ್ನ ಕೇಳಿ.

ಕಾನೂನಿಗಿಂತ ಮೊದಲು ಅಡುಗೆಮನೆಯಲ್ಲಿ ನಡೆಯಬೇಕಾದ ಕೆಲಸವೂ ಇದೆ. ಮಗು ಹೇಳ್ತಿದ್ದರೆ ಒಲೆ ಆರಿಸಿ, ಕೂತು ಕೇಳಿ. ‘ನಿಜವಾಗ್ಲೂನಾ?’ ಅನ್ನಬೇಡಿ. ಮತ್ತೆ ಮತ್ತೆ ವಿವರ ಕೇಳಬೇಡಿ, ಅದಕ್ಕೆ ತರಬೇತಾದವರಿದ್ದಾರೆ. ‘ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪಿಲ್ಲ’ ಅನ್ನಿ. ಗುಟ್ಟಾಗಿಡ್ತೀನಿ ಅಂತ ಮಾತು ಕೊಡಬೇಡಿ. ಆ ವ್ಯಕ್ತಿಯಿಂದ ಮಗುವನ್ನ ಅವತ್ತೇ ದೂರ ಇಡಿ.

ನೀವೇ ದಾಟಿ ಬಂದವರಾಗಿದ್ದರೆ, ಈ ಬರಹ ಓದಿದ್ದಕ್ಕೆ ಯಾರಿಗೂ ಏನನ್ನೂ ಹೇಳಲೇಬೇಕು ಅಂತೇನಿಲ್ಲ. ಹೇಳಬೇಕು ಅನ್ನಿಸಿದ ದಿನ, ನೀವು ಆರಿಸಿಕೊಂಡವರಿಗೆ, ನಿಮಗೆ ಬೇಕಾದಷ್ಟು ಹೇಳಿ.

ಮಕ್ಕಳ ಸಹಾಯವಾಣಿ 1098. ತುರ್ತು ಇದ್ದರೆ 112. ಮಹಿಳಾ ಸಹಾಯವಾಣಿ 181. ಮನಸ್ಸಿಗೆ ಆಸರೆ ಬೇಕಾದಾಗ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಈ ನಾಲ್ಕು ನಂಬರನ್ನ ಫೋನಿನಲ್ಲಿ ಇಟ್ಟುಕೊಳ್ಳಿ. ಮುಂದಿನ ವಾರ ಮತ್ತೆ ಸಿಗೋಣ.